ಸದ್ದಿಲ್ಲದ ಕಂಪ್ಯೂಟರ್ ಫ್ಯಾನ್: ಮನೆಯಲ್ಲೇ ಪರೀಕ್ಷಿಸಿ ವೇಗ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಫ್ಯಾನಿನ ಡಬ್ಬಿಯ ಮೇಲೆ ಗರಿಷ್ಠ ವೇಗ ಇಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಸದ್ದು ಇಷ್ಟು ಡೆಸಿಬಲ್ ಎಂದು ಬರೆದಿರುತ್ತದೆ. ಆ ಡೆಸಿಬಲ್ ಅಂಕಿ ಸಾಮಾನ್ಯವಾಗಿ ಸದ್ದು ಹೀರುವ ಕೋಣೆಯಲ್ಲಿ, ಹಿಂದೆ ಮುಂದೆ ಯಾವ ಅಡ್ಡಿಯೂ ಇಲ್ಲದೆ ಓಡುವ ಫ್ಯಾನಿನದು. ನಿಮ್ಮ ಮೇಜಿನ ಕೆಳಗೆ ಅದೇ ಫ್ಯಾನು ಧೂಳಿನ ಜಾಲರಿಯ ಮೂಲಕ ಗಾಳಿ ಎಳೆಯಬೇಕು, ತೆಳು ತಗಡಿನ ಮೇಲೆ ಕೂರಬೇಕು, ಮದರ್‌ಬೋರ್ಡ್ ಹೇಳಿದ ಹಾಗೆಲ್ಲ ವೇಗ ಏರಿಸಿ ಇಳಿಸಬೇಕು. ಹಾಗಾಗಿ ಡಬ್ಬಿಯ ಅಂಕಿಯಲ್ಲಿ 20 ಇದ್ದದ್ದು ಮನೆಯಲ್ಲಿ ತಲೆ ಚಿಟ್ಟು ಹಿಡಿಸಬಹುದು. 28 ಇದ್ದದ್ದು ಸರಿಯಾದ ವೇಗದಲ್ಲಿ ಓಡಿಸಿದರೆ ಕಿವಿಗೇ ಬೀಳದಿರಬಹುದು.

ಆದ್ದರಿಂದ ‘ಯಾವ ಫ್ಯಾನ್ ಸೈಲೆಂಟ್?’ ಎಂದು ಕೇಳುವ ಬದಲು ಇನ್ನೊಂದು ರೀತಿಯಲ್ಲಿ ಹುಡುಕಬೇಕು. ಈ ಫ್ಯಾನು ನಂಬಿಕೆಯಿಂದ ತಿರುಗುವ ಅತಿ ಕಡಿಮೆ ವೇಗ ಯಾವುದು, ಯಾವ ವೇಗಗಳಲ್ಲಿ ಗುಂಯ್‌ಗುಡುತ್ತದೆ, ನಿಮ್ಮ ಪ್ರೊಸೆಸರನ್ನು ತಣ್ಣಗಿಡಲು ಎಷ್ಟು ವೇಗ ಸಾಕು. ಇವು ಗೊತ್ತಾದರೆ ವೇಗ ನಿಯಂತ್ರಣ ತಾನಾಗಿ ಸರಿಹೋಗುತ್ತದೆ. ಒಂದು ರಜೆಯ ದಿನ, ಒಂದು ರಾತ್ರಿ, ಒಂದಷ್ಟು ತಾಳ್ಮೆ ಇದ್ದರೆ ಇಷ್ಟನ್ನೂ ಮನೆಯಲ್ಲೇ ಕಂಡುಕೊಳ್ಳಬಹುದು.

ಬೇಕಾಗುವ ಸಾಮಾನು

ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವಂಥವೇ. ಸಿಸಿಟಿವಿ ಕ್ಯಾಮೆರಾಗೆ ಕೊಡುವ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಒಂದು. ವೋಲ್ಟೇಜ್ ಇಳಿಸಲು ಎಲ್‌ಎಂ2596 ಬಕ್ ಕನ್ವರ್ಟರ್ ಮಾಡ್ಯೂಲ್. ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಜಂಪರ್ ವೈರ್, ಕೆಲವು 10 ಕಿಲೋಓಮ್ ಮತ್ತು 4.7 ಕಿಲೋಓಮ್ ರೆಸಿಸ್ಟರ್, ಒಂದು ಬಿಸಿ547 ಟ್ರಾನ್ಸಿಸ್ಟರ್, ಪ್ರೋಗ್ರಾಮ್ ಬರೆದು ನಡೆಸಬಹುದಾದ ಆರ್ಡುಯಿನೊ ಊನೊ ಬೋರ್ಡ್. ಫ್ಯಾನಿನ ಕನೆಕ್ಟರಿನ ಪಿನ್‌ಗಳ ನಡುವಿನ ಅಂತರ 2.54 ಮಿಲಿಮೀಟರ್; ಜಂಪರ್ ವೈರಿನ ಗಂಡು ತುದಿ ನೇರವಾಗಿ ಕೂರುತ್ತದೆ, ಬೆಸುಗೆ ಬೇಡ.

ಬಕ್ ಕನ್ವರ್ಟರ್ ವಿಷಯದಲ್ಲಿ ಒಂದು ಮಾತು. 12 ವೋಲ್ಟ್ ಕೊಟ್ಟರೆ ಅದು 12 ವೋಲ್ಟ್ ಹೊರಕೊಡುವುದಿಲ್ಲ, ಒಳಗೇ ಒಂದೂವರೆ ವೋಲ್ಟಿನಷ್ಟು ಉಳಿಸಿಕೊಳ್ಳುತ್ತದೆ. ಪೂರ್ತಿ 12 ವೋಲ್ಟ್ ತನಕ ಪರೀಕ್ಷೆ ನಡೆಸಬೇಕೆಂದರೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರನ್ನು ಇದಕ್ಕೆ ಹಚ್ಚಿ. ಹಾಗೆ ಮಾಡಿದಾಗ ಫ್ಯಾನ್ ಜೋಡಿಸುವ ಮೊದಲೇ ಮಲ್ಟಿಮೀಟರಿನಲ್ಲಿ ನೋಡಿಕೊಂಡು ಹೊರವೋಲ್ಟೇಜನ್ನು 12ಕ್ಕೆ ಇಳಿಸಲೇಬೇಕು. ಹೊಸ ಮಾಡ್ಯೂಲಿನ ತಿರುಪು ಯಾವ ಸ್ಥಿತಿಯಲ್ಲಿರುತ್ತದೆ ಎಂದು ಹೇಳಲಾಗುವುದಿಲ್ಲ. ನೇರ 18 ವೋಲ್ಟ್ ಬಿದ್ದರೆ ಫ್ಯಾನಿನ ಒಳಗಿನ ಐಸಿ ಉಳಿಯುವುದು ಕಷ್ಟ.

ಅಂಗಡಿಯಲ್ಲೇ ಫ್ಯಾನನ್ನು ಓಡಿಸಿ ತೋರಿಸಿ ಎಂದು ಕೇಳಿ. ರಸ್ತೆಯ ಗದ್ದಲದಲ್ಲಿ ಕಿವಿಗೆ ಏನೂ ತಿಳಿಯದು, ಆದರೆ ಕೈಗೆ ತಿಳಿಯುತ್ತದೆ. ಚೌಕಟ್ಟಿನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಿ: ರೆಕ್ಕೆಗಳ ತೂಕ ಸಮವಾಗಿದ್ದರೆ ಬರೀ ನವಿರಾದ ಮಿಡಿತ, ಇಲ್ಲದಿದ್ದರೆ ಬೆರಳು ಜುಮ್ಮೆನ್ನುವ ಅದುರು. ಲೇಬಲ್ ಮೇಲಿನ ಆಂಪಿಯರ್ ನೋಡಿ. 120 ಮಿಲಿಮೀಟರ್ ಫ್ಯಾನಿಗೆ 0.05ರಿಂದ 0.3 ಆಂಪಿಯರ್ ಇದ್ದರೆ ಅದು ಮನೆಬಳಕೆಯ ಜಾತಿ. ಒಂದು ಆಂಪಿಯರ್ ದಾಟಿದರೆ ಅದು ಸರ್ವರಿಗೆ ಹುಟ್ಟಿದ ಫ್ಯಾನು. ಎಷ್ಟು ಅಗ್ಗವಾಗಿ ಸಿಕ್ಕರೂ ಮಲಗುವ ಕೋಣೆಗೆ ಬೇಡ.

ಮೊದಲು ತಂತಿ ಗುರುತಿಸಿ

ನಾಲ್ಕು ಪಿನ್ನಿನ ಫ್ಯಾನಿನಲ್ಲಿ ಒಂದನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗ ತಿಳಿಸುವ ಟ್ಯಾಕೋ, ನಾಲ್ಕನೆಯದು ಪಿಡಬ್ಲ್ಯೂಎಂ ಆಜ್ಞೆ (ಸಂಕೇತವನ್ನು ಬೇಗಬೇಗ ಹಚ್ಚಿ ಆರಿಸುತ್ತಾ, ಹಚ್ಚಿದ ಹೊತ್ತಿನ ಶೇಕಡಾವಾರಿನಿಂದ ವೇಗ ತಿಳಿಸುವುದು). ಮೂರು ಪಿನ್ನಿನದರಲ್ಲಿ ನಾಲ್ಕನೆಯದು ಇರುವುದಿಲ್ಲ, ಅಷ್ಟೆ. ಬಣ್ಣ ನಂಬಬೇಡಿ. ಮೂರು ಪಿನ್ನಿನ ಫ್ಯಾನುಗಳಲ್ಲಿ ಕೆಂಪು 12 ವೋಲ್ಟ್, ಹಳದಿ ಟ್ಯಾಕೋ ಆಗಿರುವುದು ಸಾಮಾನ್ಯ. ಇಂಟೆಲ್ ಗೊತ್ತುಮಾಡಿದ ನಾಲ್ಕು ಪಿನ್ ಪದ್ಧತಿಯಲ್ಲಿ ಅದೇ ಹಳದಿ 12 ವೋಲ್ಟ್, ಹಸಿರು ಟ್ಯಾಕೋ, ನೀಲಿ ಪಿಡಬ್ಲ್ಯೂಎಂ. ಇತ್ತೀಚಿನ ಎಷ್ಟೋ ಫ್ಯಾನುಗಳಲ್ಲಿ ನಾಲ್ಕೂ ತಂತಿ ಕಪ್ಪು. ಆದ್ದರಿಂದ ಕನೆಕ್ಟರಿನ ಪಕ್ಕದಲ್ಲಿರುವ ಎರಡು ಏಣುಗಳನ್ನು ನೋಡಿ. ಅವು ಮೊದಲ ಮೂರು ಪಿನ್‌ಗಳ ಭಾಗದಲ್ಲೇ ಇರುತ್ತವೆ. ಏಣಿಲ್ಲದ ತುದಿಯದು ಪಿಡಬ್ಲ್ಯೂಎಂ, ಅದರ ಎದುರು ತುದಿಯದು ಗ್ರೌಂಡ್.

12 ವೋಲ್ಟ್ ಎಂದಿಗೂ ಮೂರು ಮತ್ತು ನಾಲ್ಕನೆಯ ಪಿನ್ನನ್ನು ಮುಟ್ಟಬಾರದು. ಹಳೆಯ ಕಾಲದ ‘7 ವೋಲ್ಟ್ ಉಪಾಯ’ವನ್ನೂ ಬಿಟ್ಟುಬಿಡಿ. ಮೊಲೆಕ್ಸ್ ಕನೆಕ್ಟರಿನ ಹಳದಿ ಮತ್ತು ಕೆಂಪು ತಂತಿಗಳ ನಡುವೆ, ಅಂದರೆ 12 ಮತ್ತು 5 ವೋಲ್ಟ್‌ಗಳ ನಡುವೆ ಫ್ಯಾನ್ ಸಿಕ್ಕಿಸಿದರೆ 7 ವೋಲ್ಟ್ ಸಿಗುವುದು ನಿಜ. ಆದರೆ ಫ್ಯಾನಿನೊಳಗೆ ಶಾರ್ಟ್ ಆದ ದಿನ 12 ವೋಲ್ಟ್ ನೇರವಾಗಿ 5 ವೋಲ್ಟ್ ಲೈನಿಗೆ ಹರಿಯುತ್ತದೆ; ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳು ಅದೇ ಲೈನಿನಲ್ಲಿರುತ್ತವೆ.

ಮೊದಲ ಓಟದಲ್ಲಿ ಕರೆಂಟ್ ಅಳೆಯಿರಿ. ಮೀಟರನ್ನು 12 ವೋಲ್ಟ್ ತಂತಿಯಲ್ಲಿ ಸರಣಿಯಾಗಿ ಜೋಡಿಸಿ, 10 ಆಂಪಿಯರ್ ಜಾಕ್‌ನಲ್ಲೇ ಶುರುಮಾಡಿ. ಅಗ್ಗದ ಮೀಟರುಗಳ ಮಿಲಿಆಂಪಿಯರ್ ಜಾಕ್ 200 ಮಿಲಿಆಂಪಿಯರ್‌ಗೆ ಸೀಮಿತ. ಫ್ಯಾನು ನಿಂತಲ್ಲಿಂದ ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹೆಚ್ಚಿರುವುದರಿಂದ ಆ ಫ್ಯೂಸ್ ಹಾರಿಹೋಗುವ ಸಂಭವ ಇದೆ. ಓಡುವಾಗಿನ ಕರೆಂಟು ಲೇಬಲ್ಲಿನ ಅಂಕಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಬೇರಿಂಗ್ ಬಿಗಿದಿದೆ ಅಥವಾ ಲೇಬಲ್ ಸುಳ್ಳು.

ವೋಲ್ಟೇಜ್ ಇಳಿಸುತ್ತಾ ನೋಡುವುದು

ಮೂರು ಪಿನ್ನಿನ ಫ್ಯಾನಿಗೆ ಇದೇ ಮುಖ್ಯ ಪರೀಕ್ಷೆ. 12 ವೋಲ್ಟಿನಲ್ಲಿ ಹತ್ತು ನಿಮಿಷ ಓಡಲು ಬಿಡಿ, ಬೇರಿಂಗಿನ ಎಣ್ಣೆ ಬೆಚ್ಚಗಾಗಲಿ. ಆಮೇಲೆ ಅರ್ಧರ್ಧ ವೋಲ್ಟ್ ಇಳಿಸುತ್ತಾ, ಪ್ರತಿ ಮೆಟ್ಟಿಲಲ್ಲಿ ಅರ್ಧ ನಿಮಿಷ ಕಾದು ವೇಗ ಬರೆದುಕೊಳ್ಳಿ. ಒಂದು ಹಂತದಲ್ಲಿ ಫ್ಯಾನ್ ನಿಂತುಬಿಡುತ್ತದೆ. ಅದು ನಿಲುಗಡೆ ವೋಲ್ಟೇಜ್. ಈಗ ನಿಂತ ಫ್ಯಾನಿಗೆ ನಿಧಾನವಾಗಿ ವೋಲ್ಟೇಜ್ ಏರಿಸಿ. ತಾನಾಗಿ ಹೊರಡುವ ಅಂಕಿ ಆರಂಭ ವೋಲ್ಟೇಜ್. ಎರಡೂ ಒಂದೇ ಆಗಿರುವುದಿಲ್ಲ, ಆರಂಭದ್ದು ಯಾವಾಗಲೂ ಮೇಲೆ. ನಿಯಂತ್ರಣಕ್ಕೆ ಲೆಕ್ಕಕ್ಕೆ ಬರುವುದು ಈ ಆರಂಭ ವೋಲ್ಟೇಜೇ, ಏಕೆಂದರೆ ಕಂಪ್ಯೂಟರು ಪ್ರತಿ ಬೆಳಗ್ಗೆ ನಿಂತ ಫ್ಯಾನನ್ನೇ ಎಬ್ಬಿಸಬೇಕು.

ಆರಂಭ ವೋಲ್ಟೇಜನ್ನು ಮೂರು ಭಂಗಿಯಲ್ಲಿ ನೋಡಿ: ಫ್ಯಾನ್ ನಿಂತಿರುವಾಗ, ಮುಖ ಮೇಲಾಗಿ ಮಲಗಿರುವಾಗ, ಮುಖ ಕೆಳಗಾಗಿ ಮಲಗಿರುವಾಗ. ಸ್ಲೀವ್ ಬೇರಿಂಗಿನ (ನಯವಾದ ಕೊಳವೆಯೊಳಗೆ ಅಚ್ಚು ತಿರುಗುವ) ಫ್ಯಾನುಗಳ ಗುಟ್ಟು ಇಲ್ಲೇ ಹೊರಬೀಳುವುದು. ನಿಂತಾಗ ಚೆನ್ನಾಗಿದ್ದು ಮಲಗಿಸಿದಾಗ ಗೊರಗೊರ ಎನ್ನುವ, ಹೊರಡಲು ಒಂದು ವೋಲ್ಟ್ ಹೆಚ್ಚು ಕೇಳುವ ಫ್ಯಾನನ್ನು ಕ್ಯಾಬಿನೆಟ್ಟಿನ ಮೇಲ್ಛಾವಣಿಗೆ ಹಾಕಬೇಡಿ. ಬಾಲ್ ಬೇರಿಂಗಿಗೆ ಭಂಗಿಯ ಹಂಗು ಕಡಿಮೆ, ಆದರೆ ಕಡಿಮೆ ವೇಗದಲ್ಲೂ ಸಣ್ಣ ಗರಗರ ಉಳಿದೇ ಇರುತ್ತದೆ. ಫ್ಲೂಯಿಡ್ ಬೇರಿಂಗ್ ಇವೆರಡರ ನಡುವೆ ಒಳ್ಳೆಯ ಆಯ್ಕೆ.

ವೇಗ ಓದುವುದು ಹೇಗೆ? ಟ್ಯಾಕೋ ತಂತಿ ಒಂದು ಸುತ್ತಿಗೆ ಎರಡು ಮಿಡಿತ ಕೊಡುತ್ತದೆ. ಅದಕ್ಕೆ ತನ್ನದೇ ವೋಲ್ಟೇಜ್ ಇಲ್ಲ. 10 ಕಿಲೋಓಮ್ ರೆಸಿಸ್ಟರಿನ ಮೂಲಕ 5 ವೋಲ್ಟಿಗೆ ಎಳೆದಿಟ್ಟರೆ ಮಾತ್ರ ಮಿಡಿತ ಕಾಣುತ್ತದೆ. ಮಲ್ಟಿಮೀಟರಿನಲ್ಲಿ ಹರ್ಟ್ಸ್ ಓದುವ ಸೌಲಭ್ಯವಿದ್ದರೆ ಬಂದ ಅಂಕಿಯನ್ನು 30ರಿಂದ ಗುಣಿಸಿ: 20 ಹರ್ಟ್ಸ್ ಅಂದರೆ 600 ಆರ್‌ಪಿಎಂ. ಆರ್ಡುಯಿನೊದಲ್ಲಿ ಎಣಿಸುವವರು ಒಂದೇ ಸೆಕೆಂಡ್ ಎಣಿಸಬೇಡಿ. ಒಂದು ಮಿಡಿತ ಹೆಚ್ಚುಕಡಿಮೆಯಾದರೆ 30 ಆರ್‌ಪಿಎಂ ವ್ಯತ್ಯಾಸ ಬರುತ್ತದೆ. ಐದು ಸೆಕೆಂಡ್ ಎಣಿಸಿದರೆ ಆ ತಪ್ಪು 6 ಆರ್‌ಪಿಎಂಗೆ ಇಳಿಯುತ್ತದೆ. ಅಂಕಿ ಹುಚ್ಚಾಪಟ್ಟೆ ಜಿಗಿಯುತ್ತಿದ್ದರೆ ಟ್ಯಾಕೋ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ನೋಡಿ.

ಪಿಡಬ್ಲ್ಯೂಎಂ ಪರೀಕ್ಷೆ

ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಸದಾ ಪೂರ್ತಿ ಸಿಗುತ್ತಿರಬೇಕು. ವೇಗದ ಆಜ್ಞೆ ನಾಲ್ಕನೆಯ ತಂತಿಯಲ್ಲಿ ಮಾತ್ರ. ಆ ಸಂಕೇತದ ಆವರ್ತನ 25 ಕಿಲೋಹರ್ಟ್ಸ್; 21ರಿಂದ 28ರ ತನಕ ನಡೆಯುತ್ತದೆ. ಮನುಷ್ಯರ ಕಿವಿಯ ಮಿತಿ 20 ಕಿಲೋಹರ್ಟ್ಸ್‌ನ ಆಸುಪಾಸು ಆದ್ದರಿಂದ ಇದು ಕೇಳಿಸದು. ಆರ್ಡುಯಿನೊದ ಸಿದ್ಧ ಅನಲಾಗ್ ರೈಟ್ ಆಜ್ಞೆ ಬಳಸಿದರೆ ಒಂಬತ್ತನೆಯ ಪಿನ್ನಿನಲ್ಲಿ ಬರುವುದು ಬರೀ 490 ಹರ್ಟ್ಸ್. ಅದಕ್ಕೆ ಕೆಲವು ಫ್ಯಾನುಗಳು ಕೀಂಯ್‌ಗುಡುತ್ತವೆ, ಕೆಲವು ಆಜ್ಞೆಯನ್ನೇ ತಪ್ಪು ತಿಳಿಯುತ್ತವೆ. ಆ ಪಿನ್ನನ್ನು ನಡೆಸುವ ‘ಟೈಮರ್ 1’ ಅನ್ನು ಫೇಸ್ ಕರೆಕ್ಟ್ ಕ್ರಮದಲ್ಲಿಟ್ಟು (ಎಣಿಕೆ ಏರಿ ಮತ್ತೆ ಇಳಿಯುವ ಕ್ರಮ), ಪ್ರಿಸ್ಕೇಲರ್ ಇಲ್ಲದೆ, ಅಂದರೆ ಗಡಿಯಾರದ ವೇಗ ತಗ್ಗಿಸದೆ, ಗರಿಷ್ಠ ಎಣಿಕೆಯನ್ನು 320 ಎಂದು ಕೊಡಿ. ಬೋರ್ಡಿನ ಗಡಿಯಾರದ 16 ಮೆಗಾಹರ್ಟ್ಸನ್ನು 640ರಿಂದ ಭಾಗಿಸಿದರೆ ಸರಿಯಾಗಿ 25 ಕಿಲೋಹರ್ಟ್ಸ್. ಎಣಿಕೆ 160 ಆದರೆ ಶೇಕಡಾ 50, 96 ಆದರೆ ಶೇಕಡಾ 30.

ಜೋಡಣೆ ಹೀಗೆ:

1. ಅಡಾಪ್ಟರಿನ 12 ವೋಲ್ಟ್ ಫ್ಯಾನಿನ ಎರಡನೆಯ ಪಿನ್ನಿಗೆ. ಅಡಾಪ್ಟರ್, ಫ್ಯಾನ್, ಆರ್ಡುಯಿನೊ ಮೂರರ ಗ್ರೌಂಡೂ ಒಂದೆಡೆ ಸೇರಲಿ. ಗ್ರೌಂಡ್ ಬಿಟ್ಟುಹೋದರೆ ಫ್ಯಾನು ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಅನೇಕರು ಎಡವುವುದು ಇಲ್ಲೇ.
2. ಆರ್ಡುಯಿನೊ ಪಿನ್ 9ರಿಂದ 4.7 ಕಿಲೋಓಮ್ ಮೂಲಕ ಬಿಸಿ547ರ ಬೇಸ್‌ಗೆ. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಫ್ಯಾನಿನ ನಾಲ್ಕನೆಯ ಪಿನ್ನಿಗೆ. ಫ್ಯಾನಿನೊಳಗೇ ಆ ತಂತಿಯನ್ನು ಮೇಲಕ್ಕೆ ಎಳೆದಿಟ್ಟಿರುತ್ತಾರೆ. ನಾವು ಬರೀ ಕೆಳಕ್ಕೆ ಜಗ್ಗಿದರೆ ಸಾಕು.
3. ಟ್ರಾನ್ಸಿಸ್ಟರ್ ಸಂಕೇತವನ್ನು ತಲೆಕೆಳಗು ಮಾಡುತ್ತದೆ. ಶೇಕಡಾ 30 ಬೇಕೆಂದರೆ ಪ್ರೋಗ್ರಾಮಿನಲ್ಲಿ ಶೇಕಡಾ 70, ಅಂದರೆ ಎಣಿಕೆ 224 ಕೊಡಿ.
4. ಟ್ಯಾಕೋ ತಂತಿ ಪಿನ್ 2ಕ್ಕೆ, 10 ಕಿಲೋಓಮ್ ಮೂಲಕ 5 ವೋಲ್ಟಿಗೆ. 12 ವೋಲ್ಟಿಗೆ ಎಳೆದರೆ ಆರ್ಡುಯಿನೊದ ಪಿನ್ ಕೆಡುತ್ತದೆ.

ಈಗ 100ರಿಂದ ಶೇಕಡಾ ಐದೈದರಂತೆ ಇಳಿಸುತ್ತಾ ಸೊನ್ನೆಯ ತನಕ ವೇಗ ಬರೆಯಿರಿ, ಮತ್ತೆ ಹಾಗೆಯೇ ಏರಿಸುತ್ತಾ ಬರೆಯಿರಿ. ಕೆಳಗಿನ ತುದಿಯಲ್ಲಿ ಫ್ಯಾನುಗಳ ಸ್ವಭಾವ ಬೇರೆಬೇರೆ. ಕೆಲವು ಶೇಕಡಾ 20–30ರ ಕೆಳಗೆ ಎಷ್ಟು ಇಳಿಸಿದರೂ ತಮ್ಮ ಕನಿಷ್ಠ ವೇಗಕ್ಕೇ ಅಂಟಿಕೊಂಡಿರುತ್ತವೆ. ಕೆಲವು ಸೊನ್ನೆ ಕೊಟ್ಟರೆ ನಿಲ್ಲುತ್ತವೆ. ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಶೇಕಡಾ 5ರ ಕೆಳಗೆ ನಿಲ್ಲುವ ಜಾತಿಯದು. ನಿಲ್ಲುವ ಅಂಚಿನಲ್ಲಿ ನಿಂತು ಹೊರಟು, ನಿಂತು ಹೊರಟು ತಡಬಡಾಯಿಸುವವೂ ಇವೆ. ಅಂಥದ್ದನ್ನು ಆ ಅಂಚಿನ ಹತ್ತಿರ ಎಂದೂ ಬಿಡಬೇಡಿ, ಶೇಕಡಾ ಹತ್ತರಷ್ಟು ಮೇಲಿಡಿ.

ಇನ್ನೊಂದು ಪರೀಕ್ಷೆಯನ್ನು ಬಿಡಬಾರದು. ಶೇಕಡಾ 30–50ರಲ್ಲಿ ಫ್ಯಾನಿನ ಮಧ್ಯದ ಗುಂಡಿಗೆ ಹತ್ತಿರ ಕಿವಿ ತಂದು ಆಲಿಸಿ. ಗಾಳಿಯ ಸದ್ದಿನ ಅಡಿಯಲ್ಲಿ ಟಿಕಟಿಕ ಎನ್ನುವ ಸಣ್ಣ ಸದ್ದು ಇದೆಯೇ? ಇದ್ದರೆ ನಾಲ್ಕನೆಯ ತಂತಿ ಬಿಡಿಸಿ, ಬಕ್ ಕನ್ವರ್ಟರಿನಿಂದ 7–8 ವೋಲ್ಟ್ ಕೊಟ್ಟು ಅದೇ ವೇಗಕ್ಕೆ ತನ್ನಿ. ಟಿಕಟಿಕ ಮಾಯವಾದರೆ ತಪ್ಪು ಬೇರಿಂಗಿನದಲ್ಲ, ಸುರುಳಿಗಳಿಗೆ ಕರೆಂಟು ಹಾಯಿಸಿ ನಿಲ್ಲಿಸುವ ಒಳಗಿನ ಸರ್ಕೀಟಿನದು. ಅಂಥ ಫ್ಯಾನನ್ನು ಮದರ್‌ಬೋರ್ಡಿನಲ್ಲಿ ಡಿಸಿ ಕ್ರಮದಲ್ಲಿ, ಅಂದರೆ ವೋಲ್ಟೇಜ್ ಏರಿಳಿಸಿ ಓಡಿಸುವುದೇ ಮೇಲು.

ಆರ್ಡುಯಿನೊ ಇಲ್ಲದವರು ಮದರ್‌ಬೋರ್ಡಿನಲ್ಲೇ ಈ ಕೆಲಸ ಮಾಡಬಹುದು. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಮತ್ತು ಅದರ ಜೊತೆಗಿನ ಪಿಡಬ್ಲ್ಯೂಎಂಕಾನ್ಫಿಗ್. ಲಿನಕ್ಸ್ ಶೇಕಡಾವಾರು ಬಳಸುವುದಿಲ್ಲ, 0ಯಿಂದ 255ರ ತನಕ ಅಂಕಿ ಕೊಡಬೇಕು. 77 ಅಂದರೆ ಸುಮಾರು ಶೇಕಡಾ 30.

ಸದ್ದು ಅಳೆಯುವುದು

ಬೆಂಗಳೂರಿನಲ್ಲಿ ಕಷ್ಟದ ಭಾಗ ಇದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಇರುವ ಮಿತಿ 45 ಡೆಸಿಬಲ್. ನಾವು ಅಳೆಯ ಹೊರಟ ಫ್ಯಾನಿನ ಸದ್ದು 20–35. ಅಂದರೆ ಕಾನೂನುಬದ್ಧವಾಗಿ ಶಾಂತವಾದ ಬೀದಿ ಕೂಡ ನಮ್ಮ ಅಳತೆಯನ್ನು ನುಂಗಿಹಾಕಬಲ್ಲದು. ರಾತ್ರಿ ಎರಡರಿಂದ ನಾಲ್ಕರ ಹೊತ್ತು ಆರಿಸಿಕೊಳ್ಳಿ, ಹಾಲಿನ ಗಾಡಿ ಬರುವ ಮೊದಲು. ರಸ್ತೆಗೆ ಬೆನ್ನು ಹಾಕಿದ ಕೋಣೆ ಇರಲಿ. ಸೀಲಿಂಗ್ ಫ್ಯಾನ್, ಇನ್ವರ್ಟರ್, ಫ್ರಿಡ್ಜ್ ಆರಿಸಿ. ನಮ್ಮ ಮನೆಗಳ ಗ್ರಾನೈಟ್ ನೆಲ, ಸಿಮೆಂಟ್ ಗೋಡೆ ಸದ್ದನ್ನು ವಾಪಸ್ ಎಸೆಯುತ್ತವೆ. ಮಂಚದ ಹಾಸಿಗೆಯನ್ನು ಗೋಡೆಗೆ ಒರಗಿಸಿ, ನೆಲಕ್ಕೆ ದಪ್ಪ ಕಂಬಳಿ ಹಾಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೂ ಉಪಯೋಗವಿದೆ.

ಫ್ಯಾನನ್ನು ಮೇಜಿನ ಮೇಲೆ ಇಡಬೇಡಿ, ಮೇಜೇ ತಮಟೆಯಾಗುತ್ತದೆ. ಎರಡು ಕುರ್ಚಿಗಳ ನಡುವೆ ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿ. ಮೈಕನ್ನು ಗಾಳಿ ಒಳಹೋಗುವ ಬದಿಯಲ್ಲಿ, ನೇರ ಮುಂದೆ ಅಲ್ಲದೆ 45 ಡಿಗ್ರಿ ಪಕ್ಕಕ್ಕೆ, 25 ಸೆಂಟಿಮೀಟರ್ ದೂರದಲ್ಲಿಡಿ. ಹೊರಬರುವ ಗಾಳಿ ಮೈಕಿಗೆ ಬಡಿದರೆ ನೀವು ಅಳೆಯುವುದು ಸದ್ದನ್ನಲ್ಲ, ಗಾಳಿಯ ಹೊಡೆತವನ್ನು. ಹತ್ತಿರ ಅಳೆಯಲು ಕಾರಣವಿದೆ: ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. 25 ಸೆಂಟಿಮೀಟರಿನಲ್ಲಿ ಸಿಕ್ಕ ಅಂಕಿಯಿಂದ 12 ಕಳೆದರೆ ಒಂದು ಮೀಟರಿನ ಅಂಕಿಗೆ ಹತ್ತಿರ ಬರುತ್ತೀರಿ. ಅಗ್ಗದ ಡೆಸಿಬಲ್ ಮೀಟರುಗಳು ಸಾಮಾನ್ಯವಾಗಿ 30ರ ಕೆಳಗೆ ಓದುವುದೇ ಇಲ್ಲ. ಹತ್ತಿರ ಹೋಗದಿದ್ದರೆ ಅವುಗಳಿಗೆ ಶಾಂತ ಫ್ಯಾನು ಕೇಳಿಸುವುದೇ ಇಲ್ಲ.

ಪ್ರತಿ ಅಳತೆಗೆ ಮುನ್ನ ಫ್ಯಾನ್ ನಿಲ್ಲಿಸಿ ಹಿನ್ನೆಲೆ ಸದ್ದು ಬರೆದುಕೊಳ್ಳಿ. ಹಿನ್ನೆಲೆ 28, ಫ್ಯಾನ್ ಸೇರಿ 36 ಬಂದರೆ ಫ್ಯಾನಿನದು ಸುಮಾರು 35.3. ಹಿನ್ನೆಲೆ 28, ಸೇರಿ 31 ಬಂದರೆ ಫ್ಯಾನಿನದು 28. ವ್ಯತ್ಯಾಸ ಮೂರಕ್ಕಿಂತ ಕಡಿಮೆಯಾದರೆ ಆ ಅಂಕಿಯನ್ನು ಹೊಡೆದುಹಾಕಿ, ಅದರಿಂದ ಏನೂ ಹೇಳಲಾಗದು. ಮೊಬೈಲಿನ ಆ್ಯಪ್ ಬಳಸುವವರು ಅದರ ಅಂಕಿಯನ್ನು ಜಗತ್ತಿಗೆ ಹೋಲಿಸಬೇಡಿ. ಒಂದೇ ಮೊಬೈಲು, ಒಂದೇ ಜಾಗ, ಒಂದೇ ರಾತ್ರಿ ಇದ್ದರೆ ಎರಡು ಫ್ಯಾನುಗಳ ನಡುವಿನ ವ್ಯತ್ಯಾಸವನ್ನಷ್ಟೇ ನಂಬಬಹುದು.

ಡೆಸಿಬಲ್ ಅಂಕಿಗಿಂತ ಹೆಚ್ಚು ತಿಳಿಸುವುದು ಧ್ವನಿಮುದ್ರಣ. ಮೀಟರಿನ ಎ-ವೇಟಿಂಗ್ (ಅಂಕಿಯನ್ನು ಕಿವಿಯ ಸ್ವಭಾವಕ್ಕೆ ಹೊಂದಿಸುವ ಲೆಕ್ಕ) 125 ಹರ್ಟ್ಸ್ ಸುತ್ತಿನ ಸದ್ದಿನಿಂದ ಸುಮಾರು 16 ಡೆಸಿಬಲ್ ಕಳೆದುಬಿಡುತ್ತದೆ. ಫ್ಯಾನಿನ ಗುಂಯ್‌ಕಾರ ಇರುವುದೇ ಅಲ್ಲಿ. ಹಾಗಾಗಿ ಒಂದೇ ಅಂಕಿ ತೋರುವ ಎರಡು ಫ್ಯಾನುಗಳಲ್ಲಿ ಒಂದು ಬರೀ ಸುಯ್ಯೆನ್ನುತ್ತದೆ, ಇನ್ನೊಂದು ಗೋಡೆಯಾಚೆಗೂ ಗುನುಗುತ್ತದೆ. ಯುಎಸ್‌ಬಿ ಮೈಕಿನಲ್ಲಿ ಅರ್ಧ ನಿಮಿಷ ಮುದ್ರಿಸಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದು ಎಂದು ತೋರಿಸುವ ಚಿತ್ರ) ತೆರೆದು, ಗಾತ್ರ 16384 ಎಂದು ಆರಿಸಿ. ರೆಕ್ಕೆಗಳ ಸಂಖ್ಯೆಯನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿದರೆ ರೆಕ್ಕೆ ಹಾಯುವ ಆವರ್ತನ ಸಿಗುತ್ತದೆ: ಏಳು ರೆಕ್ಕೆ, 1200 ಆರ್‌ಪಿಎಂಗೆ 140 ಹರ್ಟ್ಸ್. ಆ ಜಾಗದಲ್ಲಿ ಚೂಪಾದ ಶಿಖರ ಎದ್ದು ನಿಂತಿದ್ದರೆ ಗುಂಯ್‌ಕಾರಕ್ಕೆ ರೆಕ್ಕೆಯೇ ಕಾರಣ. 50 ಮತ್ತು 100 ಹರ್ಟ್ಸ್‌ನ ಶಿಖರಗಳ ಬಗ್ಗೆ ಎಚ್ಚರ, ಅವು ಮನೆಯ ವಿದ್ಯುತ್ತಿನವು. ಏಳು ರೆಕ್ಕೆಯ ಫ್ಯಾನು 857 ಆರ್‌ಪಿಎಂನಲ್ಲಿ ಸರಿಯಾಗಿ 100 ಹರ್ಟ್ಸ್‌ಗೆ ಬಂದು ಕೂರುವುದರಿಂದ ಗೊಂದಲವಾಗುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಇಟ್ಟು ಮುದ್ರಿಸಿ. ಸಂಶಯ ಬಂದರೆ ಫ್ಯಾನಿನ ವೇಗವನ್ನು 50 ಆರ್‌ಪಿಎಂ ಬದಲಿಸಿ. ಶಿಖರ ಜೊತೆಗೇ ಸರಿದರೆ ಫ್ಯಾನಿನದು, ಅಲ್ಲಾಡದಿದ್ದರೆ ಬೆಸ್ಕಾಂ ಕರೆಂಟಿನದು.

ಕನಿಷ್ಠದಿಂದ ಗರಿಷ್ಠದ ತನಕ 50 ಆರ್‌ಪಿಎಂ ಮೆಟ್ಟಿಲಿನಲ್ಲಿ ಏರಿಸುತ್ತಾ ಕಿವಿಯಿಂದಲೂ ಕೇಳಿ. ಕೆಲವು ವೇಗಗಳಲ್ಲಿ ಸದ್ದು ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ, ಮುಂದಿನ ಮೆಟ್ಟಿಲಲ್ಲಿ ಮತ್ತೆ ತೆಳುವಾಗುತ್ತದೆ. ಆ ಪಟ್ಟಿಗಳನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ. ಈ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ಮಾಹಿತಿ ಅದೇ.

ಕ್ಯಾಬಿನೆಟ್ಟಿಗೆ ಹಾಕಿದ ಮೇಲೆ

ತೂಗುಹಾಕಿದಾಗ ಸುಮ್ಮನಿದ್ದ ಫ್ಯಾನು ಕ್ಯಾಬಿನೆಟ್ಟಿನಲ್ಲಿ ಗುನುಗಿದರೆ ಕಾರಣ ಎರಡರಲ್ಲೊಂದು. ಪಕ್ಕದ ತಗಡಿನ ಮೇಲೆ ಅಂಗೈ ಒತ್ತಿ. ಸದ್ದು ಇಳಿದರೆ ತಗಡು ಅದುರುತ್ತಿದೆ. ರಬ್ಬರ್ ಪಿನ್ ಅಥವಾ ಸಿಲಿಕೋನ್ ವಾಷರ್ ಹಾಕಿ, ಸ್ಕ್ರೂಗಳನ್ನು ಒಂದು ಸುತ್ತು ಸಡಿಲಿಸಿ ನೋಡಿ. ಒತ್ತಿದರೂ ಬದಲಾಗದಿದ್ದರೆ ಜಾಲರಿಯನ್ನು ಅನುಮಾನಿಸಿ. ಗಾಳಿ ಒಳಬರುವ ಬದಿಯಲ್ಲಿ ತಗಡಿನ ಜಾಲರಿ ರೆಕ್ಕೆಗೆ ಅಂಟಿಕೊಂಡಂತೆ ಇದ್ದರೆ ಪ್ರತಿ ರೆಕ್ಕೆಯೂ ಅದರ ಹಿಂದಿನ ಒಡಕು ಗಾಳಿಯನ್ನು ಕೊಚ್ಚಬೇಕಾಗುತ್ತದೆ. ಐದರಿಂದ ಹತ್ತು ಮಿಲಿಮೀಟರ್ ಅಂತರ ಕೊಟ್ಟರೂ ಗುಂಯ್‌ಕಾರ ತಗ್ಗುತ್ತದೆ. ಹಾಳಾದ ಹಳೆಯ ಫ್ಯಾನಿನ ರೆಕ್ಕೆ, ಮೋಟಾರು, ಹಿಡಿಗಳನ್ನು ಕತ್ತರಿಸಿ ತೆಗೆದು, ಖಾಲಿ ಚೌಕಟ್ಟನ್ನು ನಡುವೆ ಇಡುವುದು ಎಲ್ಲಕ್ಕಿಂತ ಸುಲಭ. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ಅಂತರ 105 ಮಿಲಿಮೀಟರ್, 140ರದ್ದು 124.5, ಸಾಮಾನ್ಯವಾಗಿ ಎಲ್ಲ ಕಂಪನಿಯದೂ ಒಂದಕ್ಕೊಂದು ಕೂರುತ್ತವೆ.

ಎರಡು ಫ್ಯಾನುಗಳು ಬಹುತೇಕ ಒಂದೇ ವೇಗದಲ್ಲಿದ್ದರೆ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ಒಂಬತ್ತು ರೆಕ್ಕೆಯ ಒಂದು ಫ್ಯಾನು 1000ದಲ್ಲಿ 150 ಹರ್ಟ್ಸ್, ಇನ್ನೊಂದು 1020ರಲ್ಲಿ 153 ಹರ್ಟ್ಸ್. ಸೆಕೆಂಡಿಗೆ ಮೂರು ಸಲ ‘ವುವ್ವ್ ವುವ್ವ್’ ಎಂದು ಕೇಳುತ್ತದೆ. ಒಂದನ್ನು ಶೇಕಡಾ ಹತ್ತರಷ್ಟು ಕೆಳಗಿಳಿಸಿ ದೂರಮಾಡಿ. ಮದರ್‌ಬೋರ್ಡಿನ ಒಂದೇ ಹೆಡರಿನಿಂದ (ಫ್ಯಾನ್ ಸಿಕ್ಕಿಸುವ ಪಿನ್‌ಗಳ ಗುಂಪು) ಸ್ಪ್ಲಿಟರ್ ಮೂಲಕ ಎರಡು ಫ್ಯಾನು ಕೊಟ್ಟರೆ ಟ್ಯಾಕೋ ಒಂದರದ್ದು ಮಾತ್ರ ಬರುತ್ತದೆ; ಎರಡನೆಯದು ನಿಂತುಹೋದರೂ ಬೋರ್ಡಿಗೆ ಗೊತ್ತಾಗುವುದಿಲ್ಲ. ಹೆಡರಿನ ಮಿತಿ ಸಾಮಾನ್ಯವಾಗಿ ಒಂದು ಆಂಪಿಯರ್. ಕೈಪಿಡಿ ನೋಡಿ, ಎಲ್ಲ ಫ್ಯಾನುಗಳ ಲೇಬಲ್ ಆಂಪಿಯರ್ ಕೂಡಿಸಿ, ಮಿತಿಯೊಳಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಎಷ್ಟು ವೇಗ ಸಾಕು?

ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 1200ರಿಂದ 900ಕ್ಕೆ ಇಳಿಸಿದರೂ 6 ಡೆಸಿಬಲ್ ಲಾಭ. ಆದ್ದರಿಂದ ವೇಗದ ಒಂದು ಫ್ಯಾನಿಗಿಂತ ನಿಧಾನದ ಎರಡು ಫ್ಯಾನು ಯಾವಾಗಲೂ ಶಾಂತ: ಅದೇ ಬಗೆಯ ಎರಡನೆಯದನ್ನು ಸೇರಿಸಿದರೆ ಹೆಚ್ಚುವುದು ಬರೀ 3 ಡೆಸಿಬಲ್.

ಬಿಸಿಯ ಪರೀಕ್ಷೆಗೆ ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಪ್ರೊಸೆಸರಿನ ವ್ಯಾಟ್ ಮಿತಿಯನ್ನು ಒಂದು ಅಂಕಿಗೆ ಕಟ್ಟಿಹಾಕಿ. ಇಲ್ಲದಿದ್ದರೆ ಬಿಸಿಯಾದಾಗ ಅದು ತಾನೇ ವೇಗ ತಗ್ಗಿಸಿಕೊಂಡು, ನಿಧಾನದ ಫ್ಯಾನೂ ಚೆನ್ನಾಗಿ ತಣಿಸುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪ್ರೈಮ್95 ಅಥವಾ ಲಿನಕ್ಸಿನ ಸ್ಟ್ರೆಸ್-ಎನ್‌ಜಿ ಓಡಿಸಿ, ಪ್ರತಿ ಫ್ಯಾನ್ ವೇಗಕ್ಕೂ 20–30 ನಿಮಿಷ ಕೊಡಿ. ಕೊನೆಯ ಐದು ನಿಮಿಷದ ಸರಾಸರಿ ಉಷ್ಣತೆಯಿಂದ, ಕ್ಯಾಬಿನೆಟ್ ಗಾಳಿ ಎಳೆಯುವ ಜಾಗದಲ್ಲಿಟ್ಟ ಥರ್ಮಾಮೀಟರಿನ ಅಂಕಿಯನ್ನು ಕಳೆಯಿರಿ. ಬರೆದಿಡಬೇಕಾದದ್ದು ಈ ವ್ಯತ್ಯಾಸವನ್ನೇ. ಡಿಸೆಂಬರಿನಲ್ಲಿ ಕೋಣೆ 22 ಇದ್ದಾಗ ಪ್ರೊಸೆಸರ್ 70 ತೋರಿದರೆ ವ್ಯತ್ಯಾಸ 48; ಏಪ್ರಿಲಿನಲ್ಲಿ ಕೋಣೆ 34 ಆದಾಗ ಅದೇ ಕಂಪ್ಯೂಟರ್ 82ಕ್ಕೆ ಹೋಗುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಎ.ಸಿ. ಇಲ್ಲದ ಮನೆಯವರು ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ವೇಗ ಗೊತ್ತುಮಾಡಬೇಕು. ಪ್ರೊಸೆಸರ್ ತಾನಾಗಿ ತಗ್ಗುವ ಮಿತಿ ಇಂಟೆಲ್‌ನ ಬಹುಪಾಲು ಡೆಸ್ಕ್‌ಟಾಪ್ ಮಾದರಿಗಳಲ್ಲಿ 100, ಎಎಂಡಿಯ ರೈಜನ್ 7000 ಸರಣಿಯ ಹೆಚ್ಚಿನವುಗಳಲ್ಲಿ 95.

ಹೊರದೇಶದ ಪರೀಕ್ಷಾ ವರದಿಗಳ ಅಂಕಿಯನ್ನು ಇಲ್ಲಿಗೆ ಹಾಗೇ ತರಬಾರದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಅದೇ ವೇಗದಲ್ಲಿ ಅಷ್ಟೇ ಘನ ಅಡಿ ಗಾಳಿ ಹಾಯ್ದರೂ ಹೊತ್ತೊಯ್ಯುವ ಬಿಸಿ ಕಡಿಮೆ. ಕಡಲತೀರದ ಮಂಗಳೂರಿನ ಗೆಳೆಯರ ಸೆಟ್ಟಿಂಗ್ ಇಲ್ಲಿ ಕೆಲವು ಡಿಗ್ರಿ ಹೆಚ್ಚು ತೋರಿಸಿದರೆ ಆಶ್ಚರ್ಯವಿಲ್ಲ.

600, 800, 1000, 1200, 1500 ಆರ್‌ಪಿಎಂ ಹೀಗೆ ಪ್ರತಿ ವೇಗಕ್ಕೂ ಸಿಕ್ಕ ಉಷ್ಣತೆಯ ವ್ಯತ್ಯಾಸಗಳನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿ. ಎಲ್ಲೋ ಒಂದು ಕಡೆ ಗೆರೆ ಮಟ್ಟಸವಾಗುತ್ತದೆ; ಅದರಾಚೆ ಫ್ಯಾನು ಎಷ್ಟು ಕೂಗಿದರೂ ಒಂದೆರಡು ಡಿಗ್ರಿಯಷ್ಟೇ ಇಳಿಯುತ್ತದೆ. ನಿಮ್ಮ ದೈನಂದಿನ ಗರಿಷ್ಠ ವೇಗ ಆ ತಿರುವಿನ ಹತ್ತಿರ ಇರಲಿ.

ವೇಗದ ಕರ್ವ್ ಬರೆಯುವುದು

ಬಯಾಸ್‌ನಲ್ಲಿ ಮೊದಲು ಹೆಡರಿನ ಕ್ರಮ ನೋಡಿ. ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯೂಎಂ ಕ್ರಮದ ಹೆಡರಿಗೆ ಹಾಕಿದರೆ ಅದು ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ. ‘ಕಂಟ್ರೋಲ್ ಆಗ್ತಾನೇ ಇಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಇಷ್ಟರಿಂದಲೇ ಬಗೆಹರಿಯುತ್ತವೆ. ಆಟೊ ಎಂದು ಬಿಡದೆ ಕೈಯಾರೆ ಡಿಸಿ ಅಥವಾ ಪಿಡಬ್ಲ್ಯೂಎಂ ಆರಿಸಿ.

ಕಿವಿ ಸಮನಾದ ಸದ್ದಿಗೆ ಒಗ್ಗಿಕೊಳ್ಳುತ್ತದೆ, ಬದಲಾಗುವ ಸದ್ದಿಗೆ ಒಗ್ಗುವುದಿಲ್ಲ. ಇಂದಿನ ಪ್ರೊಸೆಸರುಗಳು ಒಂದು ಪುಟ ತೆರೆದರೂ ಕ್ಷಣದಲ್ಲಿ ಹತ್ತಾರು ಡಿಗ್ರಿ ಜಿಗಿದು ಇಳಿಯುತ್ತವೆ. ಕರ್ವ್, ಅಂದರೆ ಯಾವ ಉಷ್ಣತೆಗೆ ಎಷ್ಟು ವೇಗ ಎಂದು ಹೇಳುವ ಗೆರೆ, ಅದನ್ನೇ ಹಿಂಬಾಲಿಸಿದರೆ ಫ್ಯಾನು ದಿನವಿಡೀ ಉಸಿರುಗಟ್ಟಿದಂತೆ ಏದುಸಿರು ಬಿಡುತ್ತದೆ. ಆದ್ದರಿಂದ 60 ಡಿಗ್ರಿ ತನಕ ಒಂದೇ ಕಡಿಮೆ ವೇಗ, ನೇರ ಗೆರೆ. ಅಲ್ಲಿಂದ 80ರ ತನಕ ನಿಧಾನದ ಏರು, ನೀವು ಕಂಡುಕೊಂಡ ತಿರುವಿನ ವೇಗದವರೆಗೆ. ಇಂಟೆಲ್ ಅಥವಾ ರೈಜನ್ ಮಿತಿಗೆ ಐದು ಡಿಗ್ರಿ ಮುಂಚೆ ಶೇಕಡಾ 100. ಕೆಂಪು ಶಾಯಿಯ ಪಟ್ಟಿ ಈ ಏರಿನಲ್ಲಿ ಬಿದ್ದರೆ, ಅಲ್ಲಿ ಗೆರೆಯನ್ನು ಕಡಿದಾಗಿಸಿ. ಫ್ಯಾನು ಆ ವೇಗಗಳನ್ನು ದಾಟಿಹೋಗಲಿ, ಅಲ್ಲಿ ತಂಗುವುದು ಬೇಡ. ಹಿಸ್ಟರಿಸಿಸ್ (ಉಷ್ಣತೆ ಇಷ್ಟು ಬದಲಾಗುವ ತನಕ ವೇಗ ಬದಲಿಸದ ಅಂತರ) 3–5 ಡಿಗ್ರಿ ಇಡಿ. ಏರುವ ವಿಳಂಬ ಕೆಲವು ಸೆಕೆಂಡ್, ಇಳಿಯುವ ವಿಳಂಬ ಅದಕ್ಕಿಂತ ಉದ್ದ. ಬೇಗ ಇಳಿದರೆ ಮತ್ತೆ ಏರಬೇಕಾಗುತ್ತದೆ.

ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರಿಗೆ ಕಟ್ಟುವ ಬದಲು ಗ್ರಾಫಿಕ್ಸ್ ಕಾರ್ಡಿನ ಅಥವಾ ಬೋರ್ಡಿನ ಉಷ್ಣತೆಗೆ ಕಟ್ಟಿ, ಅವು ನಿಧಾನವಾಗಿ ಬದಲಾಗುವಂಥವು. ತಂತ್ರಾಂಶದಲ್ಲಿ ಎಷ್ಟೇ ಚೆಂದದ ಕರ್ವ್ ಬರೆದಿದ್ದರೂ ಬಯಾಸ್‌ನಲ್ಲಿ ಸುರಕ್ಷಿತವಾದ ಸಾದಾ ಕರ್ವ್ ಒಂದು ಇರಲೇಬೇಕು. ಕರೆಂಟ್ ಹೋಗಿ ಬಂದು ಯಂತ್ರ ತಾನಾಗಿ ಎದ್ದಾಗ, ತಂತ್ರಾಂಶ ಓಡುವ ತನಕ ಕಾಯುವುದು ಅದೇ. ಕೆಲವು ಬೋರ್ಡುಗಳು ಸ್ಲೀಪಿನಿಂದ ಎದ್ದಮೇಲೆ ಕೈಯಾರೆ ಕೊಟ್ಟ ವೇಗ ಮರೆಯುತ್ತವೆ. ಒಮ್ಮೆ ಮಲಗಿಸಿ ಎಬ್ಬಿಸಿ ಪರೀಕ್ಷಿಸಿ. ಮರೆತರೆ ಲಿನಕ್ಸಿನಲ್ಲಿ ಫ್ಯಾನ್‌ಕಂಟ್ರೋಲ್ ಸೇವೆಯನ್ನು ಎದ್ದಾಗಲೆಲ್ಲ ಮತ್ತೆ ಶುರುವಾಗುವಂತೆ ಮಾಡಿ.

ಧೂಳು, ಸವೆತ

ಮೆಟ್ರೋ ಕಾಮಗಾರಿ ಅಥವಾ ಕಟ್ಟಡ ಕೆಲಸದ ಬದಿಯಲ್ಲಿರುವವರು ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ, ಉಳಿದವರು ಎರಡು ಮೂರು ತಿಂಗಳಿಗೊಮ್ಮೆ. ಬ್ಲೋವರಿನಿಂದ ಧೂಳು ಹಾರಿಸುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿಡಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಸವೆಸುತ್ತದೆ, ಮೋಟಾರು ಜನರೇಟರಾಗಿ ಹೆಡರಿಗೆ ಹಿಂದಿನಿಂದ ವೋಲ್ಟೇಜ್ ತಳ್ಳಬಹುದು. ವರ್ಷಕ್ಕೊಮ್ಮೆ ಅದೇ ಮೂರು ಭಂಗಿಯ ಆರಂಭ ವೋಲ್ಟೇಜ್ ಪರೀಕ್ಷೆ ಮಾಡಿ, ಪಿಡಬ್ಲ್ಯೂಎಂ ಫ್ಯಾನಾದರೆ ಆರಂಭದ ಶೇಕಡಾವಾರು ನೋಡಿ, ಹಳೆಯ ಹಾಳೆಗೆ ಹೋಲಿಸಿ. ಒಂದು ವೋಲ್ಟ್ ಅಥವಾ ಶೇಕಡಾ ಹತ್ತರಷ್ಟು ಏರಿದ್ದರೆ ಬೇರಿಂಗಿನ ಎಣ್ಣೆ ಒಣಗುತ್ತಿದೆ ಎಂದರ್ಥ. ಕಿವಿಗೆ ಇನ್ನೂ ಏನೂ ಕೇಳಿಸದಿದ್ದರೂ ಬೇಸಿಗೆ ಶುರುವಾಗುವ ಮೊದಲೇ ಅದನ್ನು ಬದಲಿಸಿಬಿಡಿ.